ಮೊದಲ ಬೀಜದ ಕೈ

ನೀಲಗಿರಿಯ ಕೆತ್ತಿ ಕಣಿವೆಯ ಜಗದೀಶನ ಹೊಲಕ್ಕೆ ವರ್ಷದ ಮೊದಲ ಬೀಜ ಹಾಕುವ ಕೈ ಕುರುಂಬರ ಮಲ್ಲನದು. ಅಜ್ಜಂದಿರ ಕಾಲದ ಪದ್ಧತಿ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲೂ ಮುದುಕ ಕೆಳಗಿನ ಕಾಡಿನಿಂದ ಹತ್ತಿಬಂದ. ಆಲೂಗಡ್ಡೆ ನೆಟ್ಟು ಊಟಕ್ಕೆ ಕೂತಾಗ ಜಗದೀಶನ ಆರು ವರ್ಷದ ಮಗಳು ಸುಗನ್ಯಾಳ ಕುತ್ತಿಗೆಯ ಗಂಟುಗಳನ್ನು ಮುಟ್ಟಿನೋಡಿದ.

“ಇದು ನಿನ್ನಿಂದ ಬಂದದ್ದು, ಗೌಡಾ.”

ಜಗದೀಶ ನಕ್ಕ. ತಿಂಗಳೊಳಗೆ ಗಂಟು ನಿಂಬೆಹಣ್ಣಿನಷ್ಟಾಯಿತು. ಎಡಹೊಟ್ಟೆ ಉಬ್ಬಿ ಕಲ್ಲಾಯಿತು, ಕಣ್ಣು ಹಳದಿಯಾಯಿತು. ಮಲ್ಲ ಮುಟ್ಟಿದ್ದಕ್ಕೇ ಹೀಗಾಯಿತೆಂದು ಹಟ್ಟಿಯವರೆಲ್ಲ ಆಡಿಕೊಂಡರು. ಕುರುಂಬರ ಮಾಟದ ಹೆದರಿಕೆ ಅಲ್ಲಿ ಹಳೆಯದು.

ಟೀ ಗಿಡ ಕವಾತು ಮಾಡುವ ಕತ್ತಿ ಹಿಡಿದು ಜಗದೀಶ ಇಳಿದುಹೋದ. ಮಲ್ಲ ಗುಡಿಸಲ ಮುಂದೆ ಬಿದಿರು ಸೀಳುತ್ತಿದ್ದ. ಮೊದಲ ಒದೆತಕ್ಕೇ ಉರುಳಿದ. ಅವನ ಬಲಗೈಯನ್ನು ಹೊಸ್ತಿಲ ಕಲ್ಲಿಗೆ ಒತ್ತಿಹಿಡಿದು ಜಗದೀಶ ಕತ್ತಿಯ ಬೆನ್ನಿನಿಂದ ಜಜ್ಜಿದ. ಮೂಳೆ ಪುಡಿಯಾದ ಮೇಲೂ ಜಜ್ಜಿದ. ಅಡ್ಡಬಂದ ಮಲ್ಲನ ಮಗಳು ಕಾಳಿಯ ತುಟಿ ಸೀಳಿಹೋಯಿತು.

ಮಗು ಗುಣವಾಗಲಿಲ್ಲ. ಕೊನೆಗೆ ಕೊಯಮತ್ತೂರಿಗೆ ಎತ್ತಿಕೊಂಡು ಹೋದರು. ಅಲ್ಲಿನ ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಜ್ವರ ಬಂದಾಗ ಹೋರಾಡಲು ರಕ್ತದಲ್ಲಿ ಕಾವಲು ಕಣಗಳು ಸಾವಿರಗಟ್ಟಲೆ ಹುಟ್ಟುತ್ತವೆ. ಹೋರಾಟ ಮುಗಿದ ಮೇಲೆ ತಾವಾಗಿ ಸಾಯಬೇಕು. ಈ ಮಗುವಿನಲ್ಲಿ ಸಾಯುತ್ತಿಲ್ಲ. ಕುತ್ತಿಗೆಯ ಗಂಟಿನಲ್ಲೂ ಎಡಹೊಟ್ಟೆಯ ಗುಲ್ಮದಲ್ಲೂ ತುಂಬಿಕೊಂಡು ಅವಳ ರಕ್ತವನ್ನೇ ಕೊಲ್ಲುತ್ತಿವೆ. ಮಾತ್ರೆ ತಪ್ಪಬಾರದು, ಹೊಟ್ಟೆಗೆ ಪೆಟ್ಟು ಬೀಳಲೇಬಾರದು, ಗುಲ್ಮ ಒಡೆದರೆ ಉಳಿಯುವುದಿಲ್ಲ. ಇದು ವಂಶದಲ್ಲಿ ಬರುವುದು. ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಲ್ಲಿ ಇಂಥ ಗಂಟು ಇತ್ತೇ ಎಂದು ಕೇಳಿದರು.

ಜಗದೀಶನ ಕೈ ತನ್ನ ದವಡೆಯ ಕೆಳಗೆ ಹೋಯಿತು. ಇತ್ತು. ಸೊಪ್ಪು ಅರೆದು ಹಚ್ಚಿದವನು ಮಲ್ಲನೇ. ಬೆಳೆಯುತ್ತ ಗಂಟು ಕರಗಿತ್ತು, ನೆನಪೂ ಕರಗಿತ್ತು.

ಹಿಂದಿರುಗಿದ ಮರುದಿನ ಅವನು ಅದೇ ಕತ್ತಿಯೊಂದಿಗೆ ಇಳಿದ. ಕಾಳಿ ಬಾಗಿಲಿಗೆ ಅಡ್ಡ ನಿಂತಳು. ಕತ್ತಿಯ ಹಿಡಿಯನ್ನು ಅವಳ ಕಡೆಗೆ ಚಾಚಿ, ಅವನು ತನ್ನ ಬಲಗೈಯನ್ನು ಅದೇ ಕಲ್ಲಿನ ಮೇಲಿಟ್ಟ.

ಮಲ್ಲ ಒಳಗಿನಿಂದಲೇ ಮಗು ಹೇಗಿದೆ ಎಂದು ಕೇಳಿದ. ಬದುಕಿದೆ, ಪೆಟ್ಟು ತಗಲದ ಹಾಗೆ ತಿಂಗಳಿಗೊಮ್ಮೆ ಎತ್ತಿಕೊಂಡೇ ಆಸ್ಪತ್ರೆಗೆ ಹೋಗಬೇಕು ಎಂದ ಜಗದೀಶ.

“ಬುಡವ್ವಾ ಕಾಳಿ,” ಎಂದ ಮುದುಕ. “ಆ ಕೂಸನ್ನ ಎತ್ತೋ ಕೈ ಅದು.”

ಕಾಳಿ ಅಪ್ಪನ ಬಟ್ಟೆ ಸುತ್ತಿದ ಕೈಯನ್ನು ನೋಡಿದಳು. ಅವಳೆತ್ತಿದ ಕತ್ತಿಯ ಬೆನ್ನು ಜಗದೀಶನ ಎರಡು ಬೆರಳ ಮೇಲೆ ಬಿತ್ತು.

“ಎತ್ತೋಕೆ ಉಳಿದ ಬೆರಳು ಸಾಕು,” ಎಂದು ಕತ್ತಿಯನ್ನು ಅವನ ಕಾಲ ಬಳಿ ಎಸೆದಳು.