ಅರವತ್ತು ಓಮ್

ಯಂತ್ರ ಕೆಡಲೊಲ್ಲದು. ಬೆಳಗಿನಿಂದ ಮೂರು ಗಂಟೆ ಕಾದರೂ ಅದು ನೆಂಟರೆದುರಿನ ಮಗುವಿನಂತೆ ವಿಧೇಯವಾಗಿ ಮಣ್ಣು ಅಗೆಯುತ್ತಿತ್ತು. ಕ್ಯಾಬಿನ್ನಿನಲ್ಲಿ ಆಪರೇಟರನ ಸೀಟಿನ ಹಿಂದೆ ಟೂಲ್ ಬಾಕ್ಸಿನ ಮೇಲೆ ಮುದುಡಿ ಕೂತಿದ್ದ ಮೀಟರಮ್ಮ, ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಹತ್ತನೆಯ ಸಲವೋ ಏನೋ ನೋಡಿದಳು. ಎಲ್ಲವೂ ಹಸಿರು.

ಕುತ್ತಿಗೆಯಲ್ಲಿ ಸದಾ ತಂತಿ ಪರೀಕ್ಷಿಸುವ ಹಳದಿ ಮೀಟರೊಂದು ನೇತಾಡುತ್ತಿದ್ದುದರಿಂದ ಸೈಟಿನವರು ಇಟ್ಟ ಹೆಸರು ಅದು. ಸರ್ವಿಸ್ ಕಂಪನಿ ಕೊಟ್ಟ ಹುದ್ದೆಯ ಹೆಸರು ಇದಕ್ಕಿಂತ ಉದ್ದವಿತ್ತು, ಕರೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ದೂರು ಸರಳವಾಗಿತ್ತು. ಒಂದು ತಿಂಗಳಿನಿಂದ ಈ ಎಕ್ಸ್‌ಕವೇಟರ್ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಪರದೆ ಕಪ್ಪಾಗಿ ಎಂಜಿನ್ ಆರಿ, ಐದು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಅದೂ ಈ ಆಪರೇಟರನ ಕೈಯಲ್ಲಿ ಮಾತ್ರ, ಅದೂ ಮಣ್ಣು ಹೊರುವ ಟಿಪ್ಪರಿಗಾಗಿ ಕಾಯುವಾಗ ಮಾತ್ರ. ಇನ್ನೊಂದು ಪಾಳಿಯವನಿಗೆ ಒಮ್ಮೆಯೂ ಹೀಗಾಗಿರಲಿಲ್ಲ. ನಿದ್ದೆ ಹೊಡೆಯಲು ತಾನೇ ಆಫ್ ಮಾಡಿಕೊಳ್ಳುತ್ತಾನೆ ಎಂದು ಸೈಟ್ ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದರು. ಎರಡು ಎಚ್ಚರಿಕೆ ಪತ್ರ ಹೋಗಿದ್ದವು. ಕೆಲಸದಿಂದ ತೆಗೆಯುವ ಮೂರನೆಯದು ಟೈಪಾಗಿ ಅವರ ಮೇಜಿನ ಮೇಲಿತ್ತು.

"ಏನ್ ಮೇಡಂ, ಸಿಕ್ತಾ?" ಮ್ಯಾನೇಜರ್ ಕೆಳಗಿನಿಂದ ಕೂಗಿದರು.

"ಇನ್ನೂ ಇಲ್ಲ ಸರ್."

"ಸಿಗಲ್ಲ. ನೀವು ಬೆನ್ನ ಹಿಂದೆ ಕೂತಿದ್ರೆ ಯಾರಿಗೆ ನಿದ್ದೆ ಬರುತ್ತೆ? ನಾಲ್ಕು ಗಂಟೆವರೆಗೆ ನೋಡಿ, ಆಮೇಲೆ ನಾನು ಸಹಿ ಹಾಕ್ತೀನಿ."

ಆಪರೇಟರ್ ಐವತ್ತು ದಾಟಿದ ಮನುಷ್ಯ. ಮಂಡಿ ಜೋಡಿಸಿ, ಬೆನ್ನು ಸೆಟೆಸಿ, ಫೋಟೋ ತೆಗೆಸಿಕೊಳ್ಳಲು ಬಂದವನಂತೆ ಕೂತಿದ್ದ. "ನಾನು ನಿದ್ದೆ ಮಾಡಲ್ಲಮ್ಮ," ಎಂದ, ಏಳನೆಯ ಸಲ.

"ಗೊತ್ತು," ಎಂದಳು. ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಒಬ್ಬ ಹೆಂಗಸು ಯಂತ್ರದ ಮೆಟ್ಟಿಲು ಹತ್ತಿ ಬಾಗಿಲಲ್ಲಿ ಇಣುಕಿದಳು. ಆಪರೇಟರನ ಹೆಂಡತಿ. ಬೆಳಗ್ಗೆ ಗಂಡ ಮರೆತುಬಂದ ಊಟದ ಡಬ್ಬಿ ಒಂದು ಕೈಯಲ್ಲಿ, ನೀರಿನ ಲೋಟ ಇನ್ನೊಂದರಲ್ಲಿ. ಗಂಡನನ್ನು ನೋಡಿದವಳೇ ಡಬ್ಬಿ ಕೊಡುವುದನ್ನೂ ಮರೆತಳು.

"ಇದೇನ್ರೀ ಹಿಂಗೆ ಕೂತಿದೀರಾ? ಹುಷಾರಿಲ್ವಾ?"

"ಡಬ್ಬಿ ಇಟ್ಟು ಇಳಿ ಮಾರಾಯ್ತಿ."

"ಅಲ್ಲಮ್ಮ," ಎಂದಳು ಅವಳು ಮೀಟರಮ್ಮನ ಕಡೆ ತಿರುಗಿ. "ಇಪ್ಪತ್ತೆಂಟು ವರ್ಷದಲ್ಲಿ ಇವ್ರು ಹಿಂಗೆ ಅಲ್ಲಾಡದೆ ಕೂತಿದ್ದನ್ನ ನಾನು ನೋಡಿಲ್ಲ. ಕೈಗೆ ಕೆಲಸ ಇಲ್ಲ ಅಂದ್ರೆ ಕಾಲು ಶುರು. ಮೇಜಿನ ಮೇಲೆ ಲೋಟ ಇಟ್ರೆ ಅದೇ ನಡ್ಕೊಂಡು ಹೋಗುತ್ತೆ. ಮೊದಲ್ನೇ ಸಲ ನಮ್ಮನೆಗೆ ಬಂದಾಗ ನಮ್ಮಪ್ಪ ಭೂಕಂಪ ಅಂತ ಎದ್ದು ನಿಂತಿದ್ರು."

"ಹಳೇ ಕತೆ ಯಾಕೀಗ?" ಆಪರೇಟರನ ಕಿವಿ ಕೆಂಪಾಗಿತ್ತು. "ಮೇಡಂ ಇದಾರಲ್ಲ ಅಂತ ಹಿಡ್ಕೊಂಡಿದೀನಿ."

ಮೀಟರಮ್ಮ ಎದ್ದ ರಭಸಕ್ಕೆ ತಲೆ ಚಾವಣಿಗೆ ಬಡಿಯಿತು. "ಯಾವ ಕಾಲು?"

"ಎಡಗಾಲು."

ಈ ಯಂತ್ರದೊಳಗೆ ಎಂಟು ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳಿವೆ. ಎಂಜಿನ್ನಿಗೊಂದು, ಪಂಪಿಗೊಂದು, ಪರದೆಗೊಂದು, ಹೀಗೆ. ಒಟ್ಟು ಕುಟುಂಬದ ಹಾಗೆ ಎಲ್ಲವೂ ಒಂದೇ ಜೋಡಿ ತಂತಿಯ ಮೇಲೆ ಮಾತಾಡುತ್ತವೆ, ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಎರಡು ತಂತಿ ಒಂದಕ್ಕೊಂದು ತಾಗಿದರೆ ಇಡೀ ಮನೆಯ ಮಾತು ನಿಂತುಹೋಗುತ್ತದೆ, ಯಂತ್ರವೂ ನಿಲ್ಲುತ್ತದೆ.

ಮೀಟರಮ್ಮ ಕೀಲಿ ಆಫ್ ಮಾಡಿಸಿ, ಸೀಟಿನ ಹಿಂದಿನ ಸಾಕೆಟ್ಟಿಗೆ ಮೀಟರಿನ ಎರಡು ಮುಳ್ಳು ಚುಚ್ಚಿದಳು. ಅರವತ್ತು ಓಮ್. ತಂತಿ ಆರೋಗ್ಯವಾಗಿದ್ದರೆ ತೋರಿಸಬೇಕಾದ್ದೂ ಅಷ್ಟೇ, ಒಂದಕ್ಕೊಂದು ತಾಗಿದ್ದರೆ ಸೊನ್ನೆ.

"ಈಗ ಕಾಲು ಅಲ್ಲಾಡಿಸಿ."

ಆಪರೇಟರ್ ಕವಾಯತಿನವನಂತೆ ಎರಡು ಸಲ ಪಾದ ಎತ್ತಿ ಇಟ್ಟ. ಅರವತ್ತು.

"ಅದು ಹೇಳಿದ್ರೆ ಬರೋದಲ್ಲಮ್ಮ," ಎಂದಳು ಹೆಂಡತಿ. "ಕಾಯೋ ಸಂಕಟ ಬರ್ಬೇಕು. ರೀ, ಟಿಪ್ಪರ್ ಬಂದಿಲ್ಲ, ಮ್ಯಾನೇಜರು ವಾಚ್ ನೋಡ್ತಾ ನಿಂತಿದಾರೆ ಅಂದ್ಕೊಳ್ಳಿ."

"ಅಂದ್ಕೊಳ್ಳೋದೇನು, ಅಲ್ಲೇ ನಿಂತಿದಾರಲ್ಲ!"

ನಿಜವೇ. ಮ್ಯಾನೇಜರ್ ಕೆಳಗೆ ಮಣ್ಣಿನ ಗುಡ್ಡೆಯ ಪಕ್ಕ ನಿಂತು ಮಣಿಕಟ್ಟು ತಿರುಗಿಸಿ ನೋಡುತ್ತಿದ್ದರು. ಆಪರೇಟರನ ಹಿಮ್ಮಡಿ ತಾನಾಗಿಯೇ ಕುಣಿಯತೊಡಗಿತು. ಅರವತ್ತು. ಅರವತ್ತು. ಸೊನ್ನೆ. ಅರವತ್ತು. ಸೊನ್ನೆ.

ಮೀಟರಮ್ಮ ಕೆಳಗೆ ಕೂತು ರಬ್ಬರಿನ ಹಾಸು ಎತ್ತಿದಳು. ಹಿಮ್ಮಡಿ ತಾಗುವ ಜಾಗದಲ್ಲೇ ತಂತಿಯ ಕಟ್ಟು, ಅದಕ್ಕೆ ನೀಲಿ ಟೇಪು. ಮುಂದೆ ಬಿಚ್ಚುವವರಿಗೆ ಉಗುರಿಗೆ ಸಿಗಲೆಂದು ಟೇಪಿನ ತುದಿಯನ್ನು ಒಂದು ಬೆರಳಗಲ ಮಡಚಲಾಗಿತ್ತು.

ಕಂಪನಿಯಲ್ಲಿ ಹಾಗೆ ಮಡಚುವವರು ಒಬ್ಬರೇ ಇದ್ದರು.

ಅವಳ ಕೈ ನಿಂತಿತು. ಹೋದ ವರ್ಷ, ಒಂದು ಸಂಜೆ, ಇದೇ ಯಂತ್ರ, ಇನ್ನೊಂದು ಸೈಟಿನಿಂದ ಮೇಲಿಂದ ಮೇಲೆ ಫೋನು, ಕೈಯಲ್ಲಿ ಅವಸರ. ಟೇಪು ಬಿಚ್ಚಿದಳು. ಎರಡು ತಂತಿಗಳ ಬೆಸುಗೆ ಪಕ್ಕಪಕ್ಕದಲ್ಲೇ ಕೂತು, ನಡುವಿನ ಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ಎರಡು ಬೆಸುಗೆ ಎಂದೂ ಒಂದೇ ಜಾಗದಲ್ಲಿ ಬರಬಾರದು, ನಡುವೆ ಗೇಣು ಅಂತರವಿರಬೇಕು ಎಂದು ಹೊಸಬರಿಗೆ ಮೊದಲ ದಿನವೇ ಗದರುತ್ತಿದ್ದವಳು ಅವಳು.

"ಅಂದ್ರೆ ನನ್ನ ಕಾಲಿಂದಾನೇ!" ಆಪರೇಟರನಿಗೆ ಲಾಟರಿ ಹೊಡೆದಷ್ಟು ಖುಷಿ. "ಹಂಗೇ ಬರೀರಮ್ಮ. ನಿದ್ದೆ ಅಲ್ಲವಲ್ಲ, ಸಾಕು. ನಾಳೆಯಿಂದ ಈ ಕಾಲನ್ನ ಕಟ್ಟಿಹಾಕ್ತೀನಿ."

ಅಷ್ಟರಲ್ಲಿ ಮ್ಯಾನೇಜರೂ ಮೆಟ್ಟಿಲು ಹತ್ತಿ ಬಂದಿದ್ದರು. "ಹಾಗಾದ್ರೆ ಅವನದೇ ತಪ್ಪು ಅಂತಾಯ್ತು. ಬರೀರಿ ಮೇಡಂ. ಪತ್ರದಲ್ಲಿ ನಿದ್ದೆ ತೆಗೆದು ಕಾಲು ಅಂತ ಹಾಕಿದ್ರಾಯ್ತು."

ಆಪರೇಟರನ ಖುಷಿ ಬಂದಷ್ಟೇ ಬೇಗ ಇಳಿಯಿತು.

ಮೀಟರಮ್ಮ ಕತ್ತರಿ ತೆಗೆದಳು. ಹಳೆಯ ಬೆಸುಗೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಗೇಣು ಅಂತರ ಬಿಟ್ಟು ಬೆಸೆದು, ಎರಡು ತಂತಿಗಳನ್ನು ಮತ್ತೆ ಹೊಸೆದಳು. ಗಟ್ಟಿ ಕೊಳವೆಯೊಳಗೆ ತೂರಿಸಿ ಹಿಮ್ಮಡಿಯಿಂದ ದೂರ ಕಟ್ಟಿದಳು. ಆಮೇಲೆ ರಿಪೋರ್ಟಿನ ಹಾಳೆ ತೆಗೆದಳು. ಕಾರಣ: ಹಿಂದಿನ ರಿಪೇರಿಯಲ್ಲಿ ಲೋಪ. ಅದರ ಕೆಳಗೆ, ಹಿಂದಿನ ರಿಪೇರಿ ಮಾಡಿದವರು ಯಾರೆಂಬ ಒಂದು ಖಾನೆ ಇತ್ತು. ಅದನ್ನು ಯಾರೂ ತುಂಬಿದ್ದಿಲ್ಲ. ಪೆನ್ನು ಅಲ್ಲಿ ಎರಡು ಸಲ ಕುಟ್ಟಿತು, ಆಮೇಲೆ ಒಂದು ನಂಬರು ಬರೆಯಿತು.

"ಇದು ಯಾರ ನಂಬರು?" ಎಂದರು ಮ್ಯಾನೇಜರ್.

ಅವಳು ಮೀಟರನ್ನು ಪಕ್ಕಕ್ಕೆ ಸರಿಸಿ ಅದರ ಹಿಂದೆ ನೇತಾಡುತ್ತಿದ್ದ ಗುರುತಿನ ಚೀಟಿ ತೋರಿಸಿದಳು. ಅವರು ಚೀಟಿ ನೋಡಿದರು, ಹಾಳೆ ನೋಡಿದರು, ಎರಡರಲ್ಲೂ ಒಂದೇ ನಂಬರು. "ಇದನ್ನ ನಿಮ್ಮ ಆಫೀಸಿಗೆ ಕಳಿಸಲೇಬೇಕಲ್ಲ ಮೇಡಂ ನಾನು."

"ಕಳಿಸಿ. ನಿಮ್ಮ ಆ ಪತ್ರ?"

ಅವರು ಹಾಳೆಯ ಫೋಟೋ ತೆಗೆದುಕೊಂಡರು. "ಹರೀತೀನಿ," ಎಂದು ಗೊಣಗುತ್ತಾ ಇಳಿದುಹೋದರು.

ಎಂಜಿನ್ ಶುರುವಾಯಿತು. ಟಿಪ್ಪರ್ ಬಂದಿರಲಿಲ್ಲ. ಆಪರೇಟರ್ ಮಂಡಿಗಳನ್ನು ಮತ್ತೆ ಜೋಡಿಸತೊಡಗಿದ.

"ಹಿಡ್ಕೋಬೇಡಿ," ಎಂದಳು ಮೀಟರಮ್ಮ. "ಅಲ್ಲಾಡಿಸಿ. ನಾನು ನೋಡ್ಬೇಕು."

ಹಿಮ್ಮಡಿ ಕುಣಿಯಿತು. ಹೆಂಡತಿ ಕಿಟಕಿಯ ಅಂಚಿನಲ್ಲಿಟ್ಟು ಹೋಗಿದ್ದ ಲೋಟದ ನೀರಿನಲ್ಲಿ ಸಣ್ಣ ಬಳೆಯಂಥ ಅಲೆಗಳೆದ್ದು ಅಂಚಿಗೆ ತಾಗುತ್ತಿದ್ದವು. ಪರದೆ ಹಸಿರಾಗಿಯೇ ಇತ್ತು. ಸೀಟಿನ ಹಿಂದೆ ಕೂತವಳ ಬೆರಳು ನೀಲಿ ಟೇಪಿನ ತುದಿಯನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು. ಅವಳ ಜೇಬಿನಲ್ಲಿ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು; ಈ ಸಲ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.