ಮೂರನೆಯ ಟಿಕೆಟ್ಟು

ನಮ್ಮವರು ಬಸ್ ಡ್ರೈವರ್ ಆಗಿದ್ದರು. ವಾರವೆಲ್ಲ ಊರೊಳಗಿನ ಬಸ್ಸು, ಭಾನುವಾರ ಮಾತ್ರ ಜಲಪಾತದ ಬಸ್ಸು. ಬೆಳಿಗ್ಗೆ ಹೊರಟು, ಬೆಟ್ಟದ ದಾರಿ ಹತ್ತಿ, ಕಾಡಿನ ಉದ್ಯಾನದ ಬಾಗಿಲಲ್ಲಿ ಜನರನ್ನು ಇಳಿಸಿ, ಸಂಜೆ ಮತ್ತೆ ಹತ್ತಿಸಿಕೊಂಡು ಬರಬೇಕು. ಉದ್ಯಾನವೆಂದರೆ ಹೂವಿನ ಪಾತಿಗಳದ್ದಲ್ಲ. ದಟ್ಟ ಮರಗಳ ನಡುವೆ ನೆಲವೇ ಬಾಯಿಬಿಟ್ಟಂಥ ಕಮರಿಗಳು, ಕಮರಿಯ ಗೋಡೆಗೆ ಅಂಟಿಕೊಂಡ ಮೆಟ್ಟಿಲುಗಳು, ಇಳಿದಷ್ಟೂ ಒಂದರ ಕೆಳಗೊಂದು ಜಲಪಾತ. ಇದೆಲ್ಲ ನಮಗೆ ಕೇಳಿ ಗೊತ್ತಿತ್ತು, ಅಷ್ಟೆ. ಅರ್ಧ ಊರನ್ನು ಅಲ್ಲಿಗೆ ಕರೆದೊಯ್ದ ಮನುಷ್ಯ ಒಮ್ಮೆಯೂ ಆ ಮೆಟ್ಟಿಲು ಇಳಿದಿರಲಿಲ್ಲ.

ಬಸ್ಸು ನಿಲ್ಲುವ ಜಾಗ ಇಳಿಜಾರು. ಡ್ರೈವರ್ ಗಾಡಿ ಬಿಟ್ಟು ಕದಲಬಾರದೆಂದು ನಿಯಮ. ಬೇರೆಯವರು ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ ನೋಡಿ ಬರುತ್ತಿದ್ದರಂತೆ. ಇವರು ಸೀಟಿನಲ್ಲೇ ಕೂತಿರುತ್ತಿದ್ದರು. ಹಿಂದಿರುಗಿದವರ ಬಟ್ಟೆ ನೋಡಿಯೇ ಆ ವಾರ ನೀರೆಷ್ಟಿದೆ ಎಂದು ಹೇಳುತ್ತಿದ್ದರು. ಕೂದಲಷ್ಟೇ ನೆಂದಿದ್ದರೆ ಬರೀ ತುಂತುರು, ಹೆಗಲು ನೆಂದಿದ್ದರೆ ಒಳ್ಳೆಯ ನೀರು. ತಡವಾಗಿ ಬಂದವರನ್ನು ಬಿಟ್ಟು ಬಸ್ಸು ತೆಗೆದವರೂ ಅಲ್ಲ. ಒಳಗೆ ಕೂತವರು ಎಷ್ಟೇ ಗೊಣಗಲಿ, ಕೊನೆಯವರು ಏದುಸಿರು ಬಿಡುತ್ತಾ ಹತ್ತಿದ ಮೇಲೇ ಗೇರು ಹಾಕುತ್ತಿದ್ದದ್ದು.

ಮದುವೆಯಾದ ಹೊಸತರಲ್ಲಿ ನಾನೊಂದು ಭಾನುವಾರ ಆ ಬಸ್ಸಿನಲ್ಲಿ ಹೋಗಿದ್ದೆ. ನೀನು ನೋಡಿ ಬಾ ಎಂದರು. ನೀವಿಲ್ಲದೆ ನಾನು ನೋಡುವುದಿಲ್ಲ ಎಂದು ಹಟ ಹಿಡಿದೆ. ಬಿ.ಎ. ಓದಿ ಟೆಲಿಫೋನ್ ಕಚೇರಿಯಲ್ಲಿ ದುಡಿಯುತ್ತಿದ್ದ ಹುಡುಗಿಗೆ ಅಷ್ಟು ಹಟವಾದರೂ ಬೇಡವೇ! ಅವರು ನಕ್ಕು, "ಆಯ್ತು ಬಿಡೇ. ರಿಟೈರ್ ಆದ್ಮೇಲೆ ನಾನೂ ಟಿಕೆಟ್ ತಗೊಂಡು ಪ್ಯಾಸೆಂಜರ್ ಥರ ಬರ್ತೀನಿ. ಒಟ್ಟಿಗೇ ನೋಡೋಣ" ಎಂದರು. ಆವತ್ತು ಖಾಲಿ ಬಸ್ಸಿನಲ್ಲಿ ಇಬ್ಬರೇ ಕೂತು, ಎಲ್ಲೋ ಕೆಳಗೆ ಬೀಳುವ ನೀರಿನ ಸದ್ದು ಕೇಳಿದೆವು.

ನಿವೃತ್ತಿಯಾದ ಮೇಲೆ ಮೊದಲು ನನ್ನ ಮಂಡಿ ಅಡ್ಡ ಬಂತು, ಆಮೇಲೆ ಮಗಳ ಬಾಣಂತನ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿದ್ದಂತೆ ಅವರಿಗೆ ಮರೆವು ಶುರುವಾಯಿತು. ಊಟ ಮಾಡಿ ಕೈತೊಳೆದವರು ಮತ್ತೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು. ಬಚ್ಚಲಿಗೆ ಹೊರಟು ಬೀದಿಗೆ ಇಳಿಯುತ್ತಿದ್ದರು. ಒಂದು ದಿನ ಮೂಲೆಯ ಔಷಧಿ ಅಂಗಡಿಯವನು ಅವರನ್ನು ಮನೆಗೆ ಕರೆತಂದ. "ಇವರು ನನಗೆ ದಾರಿ ತೋರಿಸ್ತಾ ಬಂದ್ರು ಅಮ್ಮ" ಎಂದು ಅವರೆದುರು ಹೇಳಿ ಹೋದ. ಆ ಮಾತಿಗೆ ನಾನು ಅವನನ್ನು ಇವತ್ತಿಗೂ ನೆನೆಯುತ್ತೇನೆ.

ಆ ಬೆಟ್ಟದ ದಾರಿ ಮಾತ್ರ ಅವರ ತಲೆಯಲ್ಲಿ ಕೊರೆದಿಟ್ಟ ಹಾಗಿತ್ತು. ಸಂಜೆಯಾದರೆ ಊಟದ ಮೇಜಿನ ಮೇಲೆ ಚಮಚಗಳನ್ನು ಜೋಡಿಸಿ ತಿರುವುಗಳನ್ನು ಮಾಡುವರು. ಉಪ್ಪಿನ ಡಬ್ಬಿ ಉದ್ಯಾನದ ಬಾಗಿಲು, ಬೆಂಕಿಪೆಟ್ಟಿಗೆ ಬಸ್ಸು. "ಇಲ್ಲಿ ಎರಡನೇ ಗೇರು" ಎಂದು ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳುವರು. ಯಾವಾಗ ಹೋಗೋಣ ಎಂದು ನನ್ನನ್ನೇ ಕೇಳುವರು. ಭಾನುವಾರ ಎಂದರೆ ಖುಷಿಯಾಗಿ ಎದ್ದು ಹೋಗುವರು; ಭಾನುವಾರ ಬಂದಾಗ ಕೇಳಿದ್ದು ನೆನಪಿರುತ್ತಿರಲಿಲ್ಲ.

ಮಳೆಗಾಲದಲ್ಲಿ ಆ ಮೆಟ್ಟಿಲುಗಳಿಗೆ ಬೀಗ, ಬೇಸಿಗೆಯಲ್ಲಿ ನೀರೇ ಇಲ್ಲ. ನಡುವೆ ಕೆಲವೇ ವಾರ. ಈ ಸಲ ಡಾಕ್ಟರು ಅವರನ್ನು ಪರೀಕ್ಷಿಸಿದ ಮೇಲೆ ಮಗಳನ್ನು ಹೊರಗೆ ಕಳಿಸಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಹೇಳಿದರು: "ಎಲ್ಲಿಗಾದರೂ ಕರ್ಕೊಂಡು ಹೋಗಬೇಕು ಅಂತಿದ್ರೆ ಈಗಲೇ ಹೋಗಿ ಬನ್ನಿ. ಮುಂದಿನ ವರ್ಷದ ಮಾತು ಬೇಡ."

ಈಗಲೇ ಎನ್ನುವುದು ಸುಲಭ. ಮೊದಲು ಬಾಡಿಗೆ ಕಾರು ಕರೆಸಿದೆವು. ಕಾರು ನಮ್ಮ ಬೀದಿ ದಾಟುವುದರೊಳಗೆ ನಮ್ಮವರು ಇಲ್ಲದ ಬ್ರೇಕನ್ನು ನಾಲ್ಕು ಸಲ ತುಳಿದಿದ್ದರು. ಮೊದಲ ವೃತ್ತದಲ್ಲೇ, "ಇಳಿಯಪ್ಪ ನೀನು, ನಾನು ಓಡಿಸ್ತೀನಿ" ಎಂದು ಬಾಗಿಲು ತೆಗೆದರು. ಚಾಲಕ ಪಾಪ ಒಳ್ಳೆಯವನು. "ತಾತ, ಇದು ಚಿಕ್ಕ ಗಾಡಿ, ನಿಮ್ಮ ಕೈಗೆ ಸಾಲಲ್ಲ" ಎಂದು ಪುಸಲಾಯಿಸಿ ನೋಡಿದ. ಕೊನೆಗೆ ಮನೆ ಮುಂದೆ ತಂದು ಬಿಟ್ಟ. ಎರಡನೆಯ ಸಲ ನಮ್ಮ ಮಗಳೇ ತನ್ನ ಹಳೆಯ ವ್ಯಾನು ತಂದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಷ್ಟೋ ಜನರ ಕೈಹಿಡಿದು ಧೈರ್ಯ ಹೇಳಿ ಸೂಜಿ ಚುಚ್ಚುವವಳು. ಅಪ್ಪನೆದುರು ಮಾತ್ರ ಅವಳ ಜಾಣತನ ನಡೆಯಲಿಲ್ಲ. ಡ್ರೈವರ್ ಸೀಟು ಬಿಟ್ಟುಕೊಡದೆ ನಾನು ಹತ್ತುವುದೇ ಇಲ್ಲ ಎಂದು ಅವರು ಗೇಟು ಹಿಡಿದು ನಿಂತರು.

"ಅಮ್ಮ, ಇನ್ನು ಒಬ್ರೇ ಉಳಿದಿರೋದು" ಎಂದಳು ಮಗಳು. "ಸೀಟಿ ಮಾಮ."

ಸೀಟಿ ಎಂದರೆ ನಮ್ಮವರ ಬಸ್ಸಿನ ಕಂಡಕ್ಟರ್. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಜಗತ್ತಿನಲ್ಲಿ ನಮ್ಮವರು ಎದುರಾಡದೆ ಕೇಳುತ್ತಿದ್ದದ್ದು ಆ ಸದ್ದನ್ನು ಮಾತ್ರ. ಹೆಂಡತಿಯಾದ ನಾನು ಸುಮ್ಮನೆ ಗಂಟಲು ಹರಿದುಕೊಂಡೆ, ಒಂದು ಸೀಟಿ ಕೊಂಡಿದ್ದರೆ ಸಾಕಿತ್ತು ಎಂದು ಎಷ್ಟೋ ಸಲ ತಮಾಷೆ ಮಾಡಿದ್ದೇನೆ.

ಸೀಟಿ ಭಾನುವಾರ ಬೆಳಿಗ್ಗೆ ಬಂದ. ಬರೀ ಬರಲಿಲ್ಲ, ಪೆಟ್ಟಿಗೆಯ ತಳದಿಂದ ಖಾಕಿ ಅಂಗಿ ತೆಗೆದು, ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದ. ಹೊಟ್ಟೆಯ ಮೇಲಿನ ಗುಂಡಿಗಳು ಹಾಕಲಾಗದೆ ಒಳಗಿನ ಬನಿಯನ್ ಕಾಣುತ್ತಿತ್ತು. ಕೈಯಲ್ಲಿ ಗುಲಾಬಿ ಬಣ್ಣದ ಹಳೇ ಟಿಕೆಟ್ಟಿನ ಕಟ್ಟು. ಗೇಟಿನ ಬಳಿ ನಿಂತ ನಮ್ಮವರನ್ನು ನೋಡಿ, "ಏನ್ ಗುರು, ಇವತ್ತು ನಿಂಗೆ ರಜಾ. ಹೊಸ ಡ್ರೈವರಮ್ಮ ಬಂದವ್ರೆ. ನೀನು ಪ್ಯಾಸೆಂಜರ್ರು. ಎಷ್ಟು ಟಿಕೆಟ್ಟು?" ಎಂದ.

ನಮ್ಮವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಲೇ ಸೀಟಿ, ಅಂಗಿ ಹಾಕ್ಕೊಂಡಿದ್ಯೋ, ಅಂಗಿನೇ ನಿನ್ನ ಹಾಕ್ಕೊಂಡಿದ್ಯೋ?" ಎಂದು ಗಹಗಹಿಸಿ ನಕ್ಕರು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ನಗುತ್ತಲೇ ಮೂರು ಟಿಕೆಟ್ಟು ಕೇಳಿದರು. ಅವರಿಗೊಂದು, ನನಗೊಂದು, ಡ್ರೈವರಮ್ಮನಾದರೂ ಮಗಳಿಗೊಂದು. ಕಂಡಕ್ಟರಿಗೆ ಟಿಕೆಟ್ಟಿಲ್ಲವಲ್ಲ. ಸೀಟಿ ಹರಿದು ಕೊಟ್ಟ. ತಮ್ಮದನ್ನು ಅವರು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ವ್ಯಾನು ಹತ್ತಿ, ಮಗಳ ಪಕ್ಕದ ಸೀಟಿನಲ್ಲಿ ಕೂತರು. ಸೀಟಿ ಎರಡು ಸಲ ಊದಿದ. ಹೊರಟೆವು.

ದಾರಿಯುದ್ದಕ್ಕೂ ಅವರು ಬ್ರೇಕು ತುಳಿಯಲಿಲ್ಲ. ತಿರುವುಗಳಲ್ಲಿ ಮೆಲ್ಲಗೆ "ಎರಡನೇ ಗೇರು ಮಗಾ" ಎನ್ನುವರು, ಅವಳು ಹಾಕುವಳು. ನಾನು ಹಿಂದೆ ಕೂತು ಅವರ ತಲೆಯ ಹಿಂಭಾಗವನ್ನೇ ನೋಡುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಅವರು ಗೋಡೆಯ ಬದಿಗಿರಲಿ, ನಾನು ಈ ಬದಿ, ಸೀಟಿ ಮುಂದೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲ ಜಲಪಾತದವರೆಗೆ ಸಾಕು. ಒಂದೇ ಒಂದನ್ನು ನೋಡಿದರೂ ಸಾಕು.

ಉದ್ಯಾನದ ಬಾಗಿಲು ಬಂತು. ಅದೇ ಇಳಿಜಾರು. ವ್ಯಾನು ನಿಂತಿತು, ಮಗಳು ಕೀಲಿ ತೆಗೆದು ಇಳಿದಳು, ನಾನು ಇಳಿದೆ. ಸೀಟಿ ಮಂಡಿ ಹಿಡಿದುಕೊಂಡು ಇಳಿದವನು, ಕೈಯಿಂದ ಬಾಗಿಲು ತಟ್ಟಿ, ಭಾನುವಾರ ಭಾನುವಾರ ಹೇಳಿ ಹೇಳಿ ನಾಲಿಗೆಗೆ ಒಗ್ಗಿಹೋಗಿದ್ದ ಮಾತನ್ನು ಆಡಿಬಿಟ್ಟ:

"ಗುರು, ಗಾಡಿ ನೋಡ್ಕೋ. ಬರ್ತೀವಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದ ಗಳಿಗೆಯಲ್ಲೇ ಸೀಟಿ ಬಾಯಿಯ ಮೇಲೆ ಕೈಯಿಟ್ಟುಕೊಂಡ. ನಮ್ಮವರು "ಹೂಂ" ಎಂದು ಇಳಿದರು. ವ್ಯಾನಿನ ಮುಂದಿನಿಂದ ಸುತ್ತು ಬಂದು, ಒಂದು ಚಕ್ರವನ್ನು ಕಾಲಿನಿಂದ ಒದ್ದು ನೋಡಿ, ಡ್ರೈವರ್ ಸೀಟು ಹತ್ತಿ ಕೂತು ಬಾಗಿಲು ಹಾಕಿಕೊಂಡರು.

ನಾವು ಪಡದ ಪಾಡಿಲ್ಲ. ಸೀಟಿ ಕಿಟಕಿಯ ಹತ್ತಿರ ನಿಂತು ರಜೆಯ ಮಾತು ನೆನಪಿಸಿದ, ಸೀಟಿ ಊದಿದ, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಮಗಳು ಕೈಹಿಡಿದು ಎಳೆದಳು. ನಾನು ಆ ಹಳೆಯ ಭಾನುವಾರವನ್ನು ನೆನಪಿಸಿದೆ. ಅವರು ನನ್ನನ್ನು ನೋಡಿದರು. ಯಾರೋ ಮರ್ಯಾದಸ್ಥ ಹೆಂಗಸನ್ನು ನೋಡುವಂತೆ. "ಹೋಗಿ ಬನ್ನಿ ಅಮ್ಮ, ಚೆನ್ನಾಗಿದೆಯಂತೆ. ನಾನು ಗಾಡಿ ಬಿಟ್ಟು ಬರೋ ಹಾಗಿಲ್ಲ" ಎಂದರು. ನಾವು ಕದಲದೆ ನಿಂತಷ್ಟೂ ಅವರಿಗೆ ತಳಮಳ ಹೆಚ್ಚಿತು. ಜನ ಇಳಿದ ಮೇಲೂ ಗಾಡಿಯ ಸುತ್ತ ನಿಂತರೆ ಏನೋ ಕೆಟ್ಟಿದೆ ಎಂದರ್ಥ. ಹಾರ್ನು ಒತ್ತತೊಡಗಿದರು.

ಟಿಕೆಟ್ ಕಿಟಕಿಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ತನ್ನ ಕುರ್ಚಿಯನ್ನು ಹೊರಗೆ ತಂದು ವ್ಯಾನಿನ ಪಕ್ಕದ ನೆರಳಲ್ಲಿ ಹಾಕಿ ಕೂತಳು. "ನೀವು ಹೋಗ್ಬನ್ನಿ ಅಮ್ಮ. ನಾನಿಲ್ಲೇ ಇರ್ತೀನಿ" ಎಂದಳು.

ಹೀಗೆ ನಾನು ಇಷ್ಟು ವರ್ಷ ನೋಡದೆ ಇಟ್ಟುಕೊಂಡದ್ದನ್ನು ಅವರಿಲ್ಲದೆ ನೋಡಲು ಹೋದೆ. ಒದ್ದೆ ಮೆಟ್ಟಿಲು, ಪಾಚಿ ಕಟ್ಟಿದ ಗೋಡೆ, ನನ್ನ ತೋಳು ಹಿಡಿದ ಮಗಳು; ಎದುರು ಹತ್ತಿ ಬರುವವರು ಗೋಡೆಗೆ ಒರಗಿ ನಮಗೆ ದಾರಿ ಬಿಟ್ಟರು. ಮೊದಲ ಜಲಪಾತ ಕಾಣಿಸಿತು. ಚೆನ್ನಾಗಿತ್ತು. ಇನ್ನೇನು ಹೇಳಲಿ? ಬಿಳಿಯಾಗಿ ಬೀಳುತ್ತಿತ್ತು, ಸದ್ದು ಮಾಡುತ್ತಿತ್ತು. ಸೀಟಿ ನೀರಿಗೆ ಬೆನ್ನು ಹಾಕಿ ನಿಂತಿದ್ದ, ಅವನ ಹೆಗಲು ಕುಲುಕುತ್ತಿತ್ತು. "ಬಿಡಪ್ಪ, ನೀನು ಬಂದಿರದಿದ್ರೆ ಇಲ್ಲಿವರೆಗೂ ಆಗ್ತಿರಲಿಲ್ಲ" ಎಂದೆ. "ನನ್ನ ಹಾಳು ನಾಲಿಗೆ ಅತ್ತಿಗೆ" ಎಂದ. ಹೆಚ್ಚು ಹೊತ್ತು ನಿಲ್ಲದೆ ಹತ್ತಿ ಬಂದೆವು.

ಅವರು ಹಾಗೇ ಕೂತಿದ್ದರು. ನನ್ನ ಶಾಲಿನ ತುದಿಯನ್ನು ಕಿಟಕಿಯಿಂದಲೇ ಎರಡು ಬೆರಳಲ್ಲಿ ಹಿಡಿದು ನೋಡಿ, "ಹೆಗಲವರೆಗೂ ನೆಂದಿದೆ. ಈ ಸಲ ಒಳ್ಳೇ ನೀರು" ಎಂದರು. ಕುರ್ಚಿಯ ಹೆಂಗಸು ನಕ್ಕು, ಕುರ್ಚಿ ಎತ್ತಿಕೊಂಡು ಹೋದಳು. ಮಗಳು ಅವರನ್ನು ಪಕ್ಕದ ಸೀಟಿಗೆ ಸರಿಸಲು ಹೋದಳು. ಅವರು ಸರಿಯಲಿಲ್ಲ. ತಿರುಗಿ ನೋಡಿ, ಬಾಗಿಲ ಬಳಿ ನಿಂತ ನಮ್ಮನ್ನು ಎಣಿಸಿದರು.

"ಲೇ ಸೀಟಿ, ಬೆಳಿಗ್ಗೆ ಮೂರು ಟಿಕೆಟ್ ಹರಿದೆಯಲ್ಲ. ಇಬ್ರೇ ಬಂದವ್ರೆ. ಇನ್ನೊಬ್ಬರೆಲ್ಲಿ?"

ಅವರ ಅಂಗಿಯ ಜೇಬಿನಿಂದ ಗುಲಾಬಿ ಕಾಗದದ ಅಂಚು ಇಣುಕುತ್ತಿತ್ತು. ನನಗೆ ಅದನ್ನು ತೆಗೆದು ತೋರಿಸುವ ಧೈರ್ಯ ಬರಲಿಲ್ಲ. ತೋರಿಸಿ ಏನೆನ್ನಲಿ? ಮಗಳು ಮುಖ ತಿರುಗಿಸಿಕೊಂಡಳು. ಎಲ್ಲರೂ ಬಂದಾಯಿತು ಎಂದು ಸೀಟಿ ಸುಳ್ಳು ಹೇಳಿ ನೋಡಿದ. ಪ್ಯಾಸೆಂಜರನ್ನು ಕಾಡಲ್ಲಿ ಬಿಟ್ಟು ಹೋಗೋ ಕಂಡಕ್ಟರ್ ಯಾವಾಗಿಂದ ಆದೆ ನೀನು ಎಂದು ಬೈಸಿಕೊಂಡ.

ಬೇರೆ ಗಾಡಿಗಳು ಒಂದೊಂದಾಗಿ ಹೊರಟವು. ಮರಗಳ ನೆರಳು ನಮ್ಮ ವ್ಯಾನಿನ ಮೇಲೆ ಬಂತು. ಸೀಟಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಅವನು ಹಾಕಲಾಗದ ಗುಂಡಿಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನೋಯುವ ಮಂಡಿಯಲ್ಲೇ ಮತ್ತೆ ಮೆಟ್ಟಿಲ ಕಡೆ ನಡೆದ. ಕಮರಿಯ ಬಾಯಲ್ಲಿ ನಿಂತು ಸೀಟಿ ಊದಿದ. ಸದ್ದು ಕೆಳಗಿಳಿದು, ಗೋಡೆಗೆ ತಾಗಿ ನಮಗೇ ವಾಪಸು ಬಂತು. ಮತ್ತೆ ಊದಿದ.

ನಾನು ಹತ್ತಿ ಅವರ ಪಕ್ಕದ ಸೀಟಿನಲ್ಲಿ ಕೂತೆ. ನನ್ನ ಮುಖದಲ್ಲಿ ಏನು ಕಂಡರೋ, ಅವರು ಸ್ಟಿಯರಿಂಗ್ ಮೇಲಿನ ಕೈ ತೆಗೆದು ನನ್ನ ಒದ್ದೆ ಶಾಲನ್ನು ಹೆಗಲ ಮೇಲೆ ಸರಿಮಾಡಿದರು.

"ಗಾಬರಿ ಆಗ್ಬೇಡಿ ಅಮ್ಮ" ಎಂದರು. "ನೀರು ನೋಡ್ತಾ ನಿಂತುಬಿಟ್ಟಿರ್ತಾರೆ. ಮೊದಲ ಸಲ ಬಂದವರು ಹಾಗೇ. ಬರ್ಲಿ, ಕಾಯೋಣ."