ಬಿಯರ್ ಸಿಲಿಂಡರ್ ಮತ್ತು ಕೆಂಪು ಗಿಡಗಳು

ಈ ವರ್ಷ ಗೆಲ್ಲದಿದ್ದರೆ ಇನ್ನೆಂದೂ ಇಲ್ಲ ಎಂಬುದು ಚಿಟ್ಸ್ಕೆಗೆ ಗೊತ್ತಿತ್ತು. ಚಳಿಗಾಲಕ್ಕೆ ಮುಂಚೆ ಅವಳು ಸಣ್ಣ ಮನೆಗೆ ಹೋಗುವವಳಿದ್ದಳು. ಎರಡು ಮೀಟರ್ ಉದ್ದದ ಗಾಜಿನ ತೊಟ್ಟಿಗೆ ಅಲ್ಲಿ ಜಾಗವಿಲ್ಲ. ಫ್ರಾನೆಕರ್ ಊರಿನ ಅಕ್ವೇರಿಯಂ ಸಂಘದ ಸ್ಪರ್ಧೆಯಲ್ಲಿ ಹನ್ನೊಂದು ವರ್ಷದಿಂದ ಅವಳದು ಕೊನೆಯ ಸ್ಥಾನ, ಮೈದುನ ಹೆಸೆಲ್‌ನದು ಮೊದಲನೆಯದು. ಸಂಘದ ಅಧ್ಯಕ್ಷನೂ ಅವನೇ. ಅವಳ ಮೀನುಗಳು ಚೆನ್ನಾಗಿಯೇ ಇದ್ದವು. ಸೊರಗುತ್ತಿದ್ದದ್ದು ತೊಟ್ಟಿಯೊಳಗಿನ ಕೆಂಪು ಗಿಡಗಳು. ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡದೆ ಅವು ಕೆಂಪೇರುವುದಿಲ್ಲ ಎಂದು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

ಆ ಅನಿಲಕ್ಕಾಗಿ ಮೊದಲು ಸಕ್ಕರೆ, ಯೀಸ್ಟ್ ಕಲಸಿದ ಬಾಟಲಿ ಇಟ್ಟಳು. ಸೋಮವಾರ ಬುಸುಬುಸು ಗುಳ್ಳೆ, ಗುರುವಾರಕ್ಕೆ ನಿದ್ದೆ. ಅಂಥ ಸೋಮಾರಿಯನ್ನು ನಂಬಿ ಸ್ಪರ್ಧೆಗೆ ಇಳಿಯುವುದುಂಟೇ!

ಸೇಬಿನ ಕೇಕ್ ತಿನ್ನಲು ಬಂದ ಹೆಸೆಲ್ ಸಲಹೆ ಕೊಡದೆ ಬಿಟ್ಟಾನೆಯೇ? "ನನ್ನ ಹತ್ರ ಇರೋಂಥ ಗ್ಯಾಸ್ ಸೆಟ್ಟೇ ಕೊಂಡ್ಕೊಳ್ಳಿ ಅತ್ತಿಗೆ. ತಾನೇ ಅಳೆಯುತ್ತೆ, ತಾನೇ ಬಿಡುತ್ತೆ. ನಿಮ್ಮ ತಲೆಗೆ ಕೆಲಸಾನೇ ಇಲ್ಲ."

"ನನ್ನ ತಲೆಗೇನಾಗಿದೆಯೋ? ಶೆಡ್ಡಲ್ಲಿ ನನ್ನ ಹಳೇ ಕೆಫೇದು, ಬಿಯರ್‌ಗೆ ಗ್ಯಾಸ್ ಬಿಡೋ ಸಿಲಿಂಡರ್ ಇದೆ. ಅದನ್ನೇ ಹಾಕ್ತೀನಿ."

"ಬಿಯರ್ ಸಿಲಿಂಡರಾ? ಹಂಗಾದ್ರೆ ಮೀನಿಗೆ ನೆಂಚ್ಕೊಳ್ಳೋಕೆ ಕಡ್ಲೆಕಾಯಿನೂ ಇಡಿ!" ಅವನು ಹೊಟ್ಟೆ ಹಿಡಿದು ನಕ್ಕ.

ಮೂವತ್ತು ವರ್ಷ ಕೆಫೆ ನಡೆಸಿ ಬಿಯರ್ ಸುರಿದ ಕೈ ಅವಳದು. ಅನಿಲ ಅದೇ, ಗಿರಾಕಿ ಮಾತ್ರ ಬೇರೆ ಎಂಬುದನ್ನು ಬಲ್ಲಳು. ನೊರೆಗೆ ಬೇಕಾದ ರಭಸದಲ್ಲಿ ಬಿಟ್ಟರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಗುಳ್ಳೆಗಳನ್ನು ಒಂದೊಂದಾಗಿ ಬಿಡುವ ಸಣ್ಣ ಕವಾಟ ಕೊಂಡಳು. ಜೊತೆಗೆ ತೊಟ್ಟಿಯೊಳಗೆ ಅಂಟಿಸುವ ಗಾಜಿನ ಬುರುಡೆಯೊಂದು. ಅದರಲ್ಲಿರುವ ದ್ರವದ ಬಣ್ಣ, ನೀರಿನಲ್ಲಿ ಅನಿಲ ಕಡಿಮೆಯಾದರೆ ನೀಲಿ, ಹೆಚ್ಚಾದರೆ ಹಳದಿ, ಹದವಾಗಿದ್ದರೆ ಹಸಿರು. ಹದ ಸಿಗಲು ಆರು ವಾರ ಬೆನ್ನು ಬಗ್ಗಿಸಿ ಕೂತಳು.

ಸ್ಪರ್ಧೆಗೆ ವಾರವಿದ್ದಾಗ ಹೆಸೆಲ್‌ನ ಮನೆಗೆ ಹೋದವಳು ಅಭ್ಯಾಸಬಲದಿಂದ ಅವನ ಸಿಲಿಂಡರನ್ನು ಎತ್ತಿ ನೋಡಿದಳು.

"ಇದು ಖಾಲಿಯಾಗ್ತಾ ಬಂತು ಕಣೋ. ಬದಲಾಯಿಸು."

"ಒತ್ತಡದ ಮೀಟರಿನ ಮುಳ್ಳು ನೋಡಿ ಅತ್ತಿಗೆ, ಅರವತ್ತರಲ್ಲೇ ನಿಂತಿದೆ!"

"ಒಳಗೆ ಗ್ಯಾಸು ದ್ರವವಾಗಿ ಇರೋ ತನಕ ಅದು ಅಲ್ಲಾಡಲ್ಲ. ಮುಗಿದ್ಮೇಲೆ ಸರ್ರಂತ ಬೀಳುತ್ತೆ. ಕೆಫೆ ತುಂಬಾ ಜನ ಇದ್ದಾಗ ನಂಗೆ ಒಂದ್ಸಲ ಕೈಕೊಟ್ಟಿತ್ತು. ಅವತ್ತಿಂದ ನಾನು ಎತ್ತಿ ತೂಕಾನೇ ನೋಡೋದು."

"ಇದೇನು ಕೆಫೆ ಅಲ್ಲ ಬಿಡಿ."

ತೀರ್ಪುಗಾರ ಬ್ರಾಂಡ್ಸ್ಮಾ ಮನೆಮನೆಗೆ ಬರುವ ಶನಿವಾರ, ಸಂಘದವರೆಲ್ಲ ಅವರ ಹಿಂದೆಯೇ ಹೊರಟರು. ಹೆಸೆಲ್‌ನ ತೊಟ್ಟಿಯಲ್ಲಿ ಗಾಜಿನ ಬುರುಡೆ ಕಡುನೀಲಿಯಾಗಿತ್ತು. ಎಲೆಗಳ ಮೇಲೆ ಒಂದು ಗುಳ್ಳೆಯೂ ಇಲ್ಲ. ಮುಳ್ಳು ಸೊನ್ನೆಗೆ ಬಿದ್ದಿತ್ತು.

"ಮೊನ್ನೆ ಅರವತ್ತಿತ್ತು ಸಾರ್!" ಎಂದು ಹೆಸೆಲ್ ಬಡಬಡಿಸಿದ. ಬ್ರಾಂಡ್ಸ್ಮಾ ಬರೆದುಕೊಂಡರು. ಚಿಟ್ಸ್ಕೆಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು?

ಅವಳ ಮನೆಯಲ್ಲಿ ತೀರ್ಪುಗಾರರು ಕಾಫಿ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತುಬಿಟ್ಟರು. ಮುಂದಿನಿಂದ ಹಿಂದಕ್ಕೆ ಏರುತ್ತಾ ಹೋದ ಕೆಂಪು ಗಿಡಗಳ ಸಾಲು, ಎಲೆ ಎಲೆಗೂ ಗುಳ್ಳೆ. ಬುರುಡೆ ಅಚ್ಚ ಹಸಿರು.

"ಸೆಟ್ ಯಾವ ಅಂಗಡೀದಮ್ಮ?"

"ಅಂಗಡೀದಲ್ಲ ಸಾರ್, ನನ್ನ ಕೆಫೇದು."

ಅವರು ಬಗ್ಗಿ, ತೊಟ್ಟಿಯ ಕೆಳಗಿದ್ದ ಬಣ್ಣ ಕಿತ್ತ ಸಿಲಿಂಡರ್ ನೋಡಿ ಗಟ್ಟಿಯಾಗಿ ನಕ್ಕರು.

ಸಂಜೆ ಸಂಘದ ಕೋಣೆಯಲ್ಲಿ ಫಲಿತಾಂಶ ಓದಬೇಕಾದದ್ದು ಅಧ್ಯಕ್ಷ. ಹೆಸೆಲ್ ಕಾಗದ ಬಿಡಿಸಿದ, ಕನ್ನಡಕ ಒರೆಸಿಕೊಂಡ, ಕೆಮ್ಮಿದ. "ಮೊದಲ ಸ್ಥಾನ, ಚಿಟ್ಸ್ಕೆ ವೀರ್ಸ್ಮಾ," ಎಂದು ಗಂಟಲೊಳಗೇ ಅಂದ.

"ಕೇಳಿಸ್ಲಿಲ್ಲ ಕಣೋ," ಎಂದಳು ಚಿಟ್ಸ್ಕೆ.

ಅವನು ತಲೆಯೆತ್ತಿ ಅತ್ತಿಗೆಯನ್ನು ನೋಡಿದ. ಆಮೇಲೆ ಅವನಿಗೇ ನಗು ಬಂತು. ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಮತ್ತೆ ಓದಿದ. ಕೋಣೆ ಚಪ್ಪಾಳೆಯಿಂದ ತುಂಬಿಹೋಯಿತು.

ಚಿಟ್ಸ್ಕೆ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ," ಎಂದಳು.